ಅಪ್ಪ ಸುತ್ತಿದ ರುಮಾಲ

೧೮ ಫೆಬ್ರುವರಿ ೧೯೮೨, ಗುರುವಾರ

ಶಾಲು ಅಂತ, ಶಾಲು! ನಮ್ಮ ಕಾಲೇಜಿನ ವಾರ್ಷಿಕ ಗ್ಯಾದರಿಂಗದಾಗ, ಆರಿಸಿಬಂದ ವಿದ್ಯಾರ್ಥಿ ಕಾರ್ಯದರ್ಶಿಗೆ ತಲಿಗೆ ರುಮಾಲ ಸುತ್ತೂದು ಪದ್ಧತಿ. ವರ್ಷಾ ಸುತ್ತಾಂವ ನಮ್ಮಪ್ಪ, ರವಿವಾರ ಪೇಟೆಯ ದಸ್ತಗೀರಸಾಬ. ಈ ಸಲ ಗೆದ್ದಾಕಿ ನಾನು.

'ಹುಡಿಗೇರಿಗೆ ಶಾಲು ಸಾಕವಾ, ಮುನವ್ವರಾ' ಅಂದ್ರು ಪ್ರಿನ್ಸಿಪಾಲರು.

ಇಷ್ಟು ವರ್ಷ ದೇಸಾಯರ, ಇನಾಮದಾರರ ಹುಡುಗರಿಗೆ ಸುತ್ತಿದ ಕೈ ಅಪ್ಪಂದು. ನನಗ್ಯಾಕ ಶಾಲು? 'ರುಮಾಲಾನೇ ಬೇಕ್ರಿ ಸರ್' ಅಂದು ಕುರ್ಚಿ ಮ್ಯಾಲೆ ಕುಂತೆ.

ಅಪ್ಪ ಸುತ್ತಾಕ ಹತ್ತಿದ, ಒಂದು ಸುತ್ತೂ ತಪ್ಪಲಿಲ್ಲ. ಹುಡುಗರು ಸೀಟಿ ಹೊಡದ್ರು. ನನ್ನ ಕಣ್ಣು ತಾವೇ ನೆಲಕ್ಕ ಹೋದ್ವು. ಓಣ್ಯಾಗ ದಿನಾ 'ತಲಿ ತಗ್ಗಿಸಿ ನಡಿ' ಅನ್ನೂ ಅಪ್ಪ, ಎಲ್ಲಾರ ಎದುರು ಗದರಿಸಿದ: 'ತಲಿ ಎತ್ತು. ತಗ್ಗಿಸಿದ್ರ ಬಿಚ್ಚಿ ಬೀಳತೈತಿ.'

ಇನ್ನೂ ರುಮಾಲ ತಗದಿಲ್ಲ. ಕುತ್ತಿಗಿ ನೋಯಾಕತ್ತೈತಿ. ನೋಯಲಿ.