ಬೀಗದ ಕೈಗೆ ಒತ್ತೆ ಒಂದು ಸೈಕಲ್ ಪಂಪು

ಪಾರಂಪರಿಕ ಕಟ್ಟಡಗಳ ಮಾನ್ಯ ನಿರ್ದೇಶಕರೇ,

ಮೊಂಗ್ರಿವ್ ಕೋಟೆಯ ಬಾಗಿಲಿಗೆ ತಾವು ಅಂಟಿಸಿರುವ ಆದೇಶವನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. 'ಬೇಜವಾಬ್ದಾರಿ ಸೈಕಲ್ ಸವಾರನೊಬ್ಬನು ಬೀಗದ ಕೈಯನ್ನು ಒಯ್ದ ಕಾರಣ ಕೋಟೆಯು ಒಂದೂವರೆ ದಿನ ಮುಚ್ಚಿದ್ದ ಹಿನ್ನೆಲೆಯಲ್ಲಿ' ಇನ್ನು ಮುಂದೆ ಬೀಗದ ಕೈ ಎದುರಿನ ಕೆಫೆಯಲ್ಲಿ ಇರಕೂಡದಂತೆ. ಅಕ್ಟೋಬರ್ ಒಂದರೊಳಗೆ ಅದನ್ನು ತಮ್ಮ ಕಚೇರಿಗೆ ಒಪ್ಪಿಸಬೇಕಂತೆ. ಬರುವ ವಸಂತದಿಂದ, ಫೋನಿನಲ್ಲಿ ಮುಂಗಡವಾಗಿ ಸಮಯ ಕಾದಿರಿಸಿದವರಿಗೆ ಮಾತ್ರ ಯಂತ್ರವೊಂದು ಬಾಗಿಲು ತೆರೆಯುತ್ತದಂತೆ. ಸ್ವಾಮಿ, ಆ ಬೇಜವಾಬ್ದಾರಿ ಸವಾರ ನಾನೇ. ತಪ್ಪು ನನ್ನದು, ಶಿಕ್ಷೆ ಮಾತ್ರ ಕೆಫೆ ನಡೆಸುವ ಮದಾಮ್ ಒಡಿಲ್ ಬ್ರಿಸ್ಸೆ ಅವರಿಗೆ. ಇದು ಯಾವ ಊರ ನ್ಯಾಯ?

ನನ್ನ ಪರಿಚಯ ಹೇಳಿಬಿಡುತ್ತೇನೆ. ಮೂವತ್ತಾರು ವರ್ಷ ಸೈಕಲ್ ತುಳಿದು ಮನೆಮನೆಗೆ ಅಂಚೆ ಹಂಚಿದವನು ನಾನು. ನಿವೃತ್ತನಾದ ಮೇಲೆ ಕಾಗದದ ಚೀಲ ಹೋಯಿತು, ಸೈಕಲ್ ಉಳಿಯಿತು. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಸೆಪ್ಟೆಂಬರಿನಲ್ಲಿ, ಒಬ್ಬನೇ ಲ್ವಾರ್ ನದಿಯ ಗುಂಟ ಕೋಟೆಯಿಂದ ಕೋಟೆಗೆ ಹೋಗುತ್ತೇನೆ. ದಿನಕ್ಕೆ ನಲವತ್ತು ಕಿಲೋಮೀಟರು ದಾಟುವುದಿಲ್ಲ. ಬೇಲಿಯಲ್ಲಿ ಹಣ್ಣು ಕಂಡರೆ ಇಳಿಯುತ್ತೇನೆ, ನೆರಳು ಕಂಡರೆ ಮಲಗುತ್ತೇನೆ. ಕೋಟೆಗಳು ಐದುನೂರು ವರ್ಷ ಕಾದಿವೆ, ನನಗಾಗಿ ಇನ್ನೊಂದು ಗಂಟೆ ಕಾಯಲಾರವೇ?

ಮೊಂಗ್ರಿವ್ ಅಂಥ ಘನವಾದ ಕೋಟೆಯೇನಲ್ಲ. ಉಳಿದಿರುವುದು ಒಂದು ಗೋಪುರ, ಅರ್ಧ ಗೋಡೆ, ಒಂದಷ್ಟು ಪಾರಿವಾಳ. ಬೀಗದ ಕೈ ಮಾತ್ರ ಗೇಣುದ್ದ. ನಲವತ್ತೊಂದು ವರ್ಷಗಳಿಂದ ಅದು ಮದಾಮ್ ಒಡಿಲ್ ಅವರ ಕಾಫಿ ಯಂತ್ರದ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದೆ. ಕೇಳಿದವರಿಗೆ ಕೊಡುತ್ತಾರೆ, ಒತ್ತೆಯಿಟ್ಟುಕೊಂಡು. ನಾನು ಮೊದಲ ಸಲ ಹೋದಾಗ ಗುರುತಿನ ಚೀಟಿ ಚಾಚಿದ್ದೆ.

"ಅದ್ಯಾಕ್ರೀ ನಂಗೆ? ಅದಿಲ್ದೆನೂ ನೀವು ಎಷ್ಟು ದೂರ ಬೇಕಾದ್ರೂ ಹೋಗ್ತೀರ. ಯಾವ್ದಿಲ್ದಿದ್ರೆ ಹೋಗಕ್ಕಾಗಲ್ವೋ ಅದು ಕೊಡಿ. ಆ ಪಂಪು ಬಿಚ್ಚಿ."

ಬಿಚ್ಚಿ ಕೊಟ್ಟೆ. ಆಮೇಲೆ ಅವರು ಎಲ್ಲರಿಗೂ ಹೇಳುವ ಮಾತನ್ನು ನನಗೂ ಹೇಳಿದರು: "ಹತ್ತೊಂಬತ್ತನೇ ಮೆಟ್ಲು ಅಲ್ಲಾಡುತ್ತೆ, ಎಡಗಡೆ ಕಾಲಿಡಿ. ಮೇಲೆ ಹೋದ್ಮೇಲೆ ಕೈ ಬೀಸಿ. ಬೀಸ್ದಿದ್ರೆ ನಾನೇ ಹತ್ಕೊಂಡು ಬರ್ಬೇಕು, ನನ್ ಮಂಡಿ ನಿಮ್ಗೆ ಶಾಪ ಹಾಕುತ್ತೆ." ಎಪ್ಪತ್ತೊಂಬತ್ತು ವರ್ಷದ ಆಕೆ ಹೋದ ವರ್ಷ ನಿಜಕ್ಕೂ ಹತ್ತಿದ್ದಾರೆ, ಸೌಟು ಕೈಯಲ್ಲಿ ಹಿಡಿದುಕೊಂಡೇ, ಕಾಲು ಉಳುಕಿ ಕೂತಿದ್ದ ಪ್ರವಾಸಿಯೊಬ್ಬರನ್ನು ಇಳಿಸಿಕೊಂಡು ಬರಲು. ತಮ್ಮ ಯಂತ್ರ ತಲೆಯೆತ್ತಿ ಗೋಪುರ ನೋಡುತ್ತದೆಯೇ?

ಇನ್ನು ನನ್ನ ಅಪರಾಧ. ಜೂನ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಹನ್ನೆರಡೂವರೆ. ಗೋಪುರದಿಂದ ಇಳಿದು ಬಂದರೆ ಮದಾಮ್ ಊಟಕ್ಕೆ ಕೂತಿದ್ದರು. ಊಟದ ನಡುವೆ ಒಬ್ಬರನ್ನು ಎಬ್ಬಿಸುವುದು ನಮ್ಮ ಕಡೆ ಎಂಥ ಪಾಪವೆಂದು ತಮಗೆ ಗೊತ್ತೇ ಇದೆ. ತಮ್ಮ ಕಚೇರಿಗೆ ಹನ್ನೆರಡರಿಂದ ಎರಡರವರೆಗೆ ಫೋನು ಮಾಡಿ ನೋಡಿದ್ದೇನೆ. ಅವರು ಕುರ್ಚಿ ಎಳೆದರು, ಕೂತೆ. ಬೇಳೆ, ಸಾಸೇಜು, ಆಡಿನ ಹಾಲಿನ ಚೀಸು, ಒಂದು ಲೋಟ ಬಿಳಿ ವೈನು, ಅದರ ಬೆನ್ನಿಗೇ ಇನ್ನೊಂದು. ಸುಖವಾಗಿ ಸೈಕಲ್ ಹತ್ತಿ ಹೊರಟೆ. ಇಪ್ಪತ್ತಾರು ಕಿಲೋಮೀಟರು ಆದ ಮೇಲೆ ಹಿಂದಿನ ಚಕ್ರ ಪಂಕ್ಚರ್ ಆಯಿತು. ಪಂಪಿಗೆ ಕೈ ಹಾಕಿದೆ, ಪಂಪಿಲ್ಲ. ಜೇಬಿಗೆ ಕೈ ಹಾಕಿದೆ, ಗೇಣುದ್ದದ ಬೀಗದ ಕೈ.

ಮರುದಿನ ಸೋಮವಾರ, ಅಂದರೆ ನಮ್ಮ ಕಡೆ ವಾರದ ರಜೆ, ಸೈಕಲ್ ಅಂಗಡಿಯಿಂದ ಹಿಡಿದು ಎಲ್ಲವೂ ಬಂದ್. ಸೈಕಲ್ ತಳ್ಳಿಕೊಂಡು ಇಪ್ಪತ್ತಾರು ಕಿಲೋಮೀಟರು ನಡೆದೇ ವಾಪಸು ಬಂದೆ. ಮದಾಮ್ ಬಾಗಿಲಲ್ಲೇ ನಿಂತಿದ್ದರು.

"ಏನ್ ಅಂಚೆಯಣ್ಣ, ಮೂವತ್ತಾರು ವರ್ಷ ಊರ್ ಕಾಗ್ದ ಎಲ್ಲಾ ತಲುಪಿಸ್ದೋರು, ಒಂದು ಬೀಗದ ಕೈ ರಸ್ತೆ ದಾಟ್ಸಕ್ಕಾಗ್ಲಿಲ್ವಾ?"

"ಬೈಬೇಡಿ ಮದಾಮ್, ಕಾಲಲ್ಲಿ ಬೊಬ್ಬೆ ಬಂದಿದೆ."

"ಬೈಯೋದು ಆಮೇಲೆ. ಮೊದ್ಲು ಕೂತ್ಕೊಂಡು ಶೂ ಬಿಚ್ಚಿ. ನಿಮ್ ಪಂಪು ಒರೆಸಿಟ್ಟಿದೀನಿ."

ಒತ್ತೆಯ ಪದ್ಧತಿ 'ವಿಫಲವಾಗಿದೆ' ಎಂದು ತಾವು ಬರೆದಿದ್ದೀರಿ. ವಿಫಲವಾಗಿದ್ದರೆ ನಾನು ಯಾಕೆ ತಿರುಗಿ ಬರುತ್ತಿದ್ದೆ ಸ್ವಾಮಿ?

ಈಗ ಯಂತ್ರದ ವಿಷಯ. ತಮ್ಮ ದೊಡ್ಡ ಕೋಟೆಯೊಂದರಲ್ಲಿ ಅದರ ರುಚಿ ನೋಡಿದ್ದೇನೆ. ಎದುರುಗಾಳಿಯಿಂದಾಗಿ ಹನ್ನೊಂದು ನಿಮಿಷ ತಡವಾಯಿತು, ನನ್ನ ಸಮಯ ಮುಗಿಯಿತೆಂದು ಯಂತ್ರ ಕೆಂಪು ದೀಪ ತೋರಿಸಿತು. ಒಳಗೆ ಪ್ರವಾಸಿ ಎಂಬ ಒಂದು ನರಪಿಳ್ಳೆಯೂ ಇರಲಿಲ್ಲ. ಬಾಗಿಲ ಕಾವಲಿನವರು ಭುಜ ಕುಣಿಸಿ, "ನಂದೇನಿಲ್ಲ ಯಜಮಾನ್ರೇ, ಅದು ಒಪ್ಪಲ್ಲ" ಅಂದರು. ಮೊಂಗ್ರಿವ್‌ನಲ್ಲಿ ಇನ್ನೊಂದು ಸೊಗಸಿದೆ. ಆ ತಗ್ಗಿನ ಊರಿನಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಗೋಪುರದ ತುದಿಯಲ್ಲಿ ಮಾತ್ರ. ಒಳಗೆ ಹೋಗಲು ಅನುಮತಿ ಬೇಕಾದರೆ ಮೊದಲು ಒಳಗೆ ಹೋಗಿ ಮೇಲೆ ಹತ್ತಬೇಕು. ಈ ಏರ್ಪಾಡು ಮಾಡಿದವರಿಗೆ ನನ್ನ ಅಭಿನಂದನೆಗಳು.

ಕಳೆದ ವಾರ ಮತ್ತೆ ಹೋಗಿದ್ದೆ. ಬೀಗದ ಕೈ ಕೇಳಿ ತಾವು ಆಕೆಗೆ ಬರೆದ ಮೂರನೆಯ ಪತ್ರ ಮೇಜಿನ ಮೇಲಿತ್ತು. ಮದಾಮ್ ಒಡಿಲ್ ಯಾವತ್ತಿನಂತೆ ನಗಲಿಲ್ಲ.

"ಜನ ಕಾಫಿಗೆ ಬರಲ್ಲ ಅಂಚೆಯಣ್ಣ, ಬೀಗದ ಕೈಗೆ ಬರ್ತಾರೆ. ಬಂದೋರು ಕಾಫಿ ಕುಡೀತಾರೆ, ಎರಡು ಮಾತಾಡ್ತಾರೆ. ಅದು ಹೋಯ್ತು ಅಂದ್ರೆ ನಾನು ಕೆಫೆ ಮುಚ್ಚಿ ತಂಗಿ ಮನೆ ಸೇರ್ಕೋಬೇಕು. ಅವಳ ಕಿಟಕಿಯಿಂದ ಕಾಣೋದು ಕಾರ್ ನಿಲ್ಸೋ ಜಾಗ."

ನನಗೆ ದುಃಖವಾಯಿತು, ನಾಚಿಕೆಯೂ ಆಯಿತು. ನನ್ನ ಎರಡು ಲೋಟ ವೈನಿಗೆ ಆಕೆ ನಲವತ್ತೊಂದು ವರ್ಷದ ಬದುಕು ಕೊಡಬೇಕೇ? ಪಂಪು ಕೊಟ್ಟು ಬೀಗದ ಕೈ ತೆಗೆದುಕೊಂಡೆ. ಹತ್ತೊಂಬತ್ತನೇ ಮೆಟ್ಟಿಲಲ್ಲಿ ಎಡಗಡೆ ಕಾಲಿಟ್ಟೆ, ತುದಿಯಲ್ಲಿ ನಿಂತು ಕೈ ಬೀಸಿದೆ. ಕೆಳಗೆ ರಸ್ತೆಯಲ್ಲಿ ಅವರು ಪಾತ್ರೆ ಒರೆಸುವ ಬಟ್ಟೆ ಬೀಸಿದರು. ಇಳಿದು ಬಂದು ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ಚಾಚಿದರೆ ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಇವತ್ತೂ ಮರ್ತುಬಿಡಿ."

"ಏನನ್ನ?"

"ಜೂನಲ್ಲಿ ಮರ್ತಿರ್ಲಿಲ್ವಾ, ಅದನ್ನೇ. ಪಂಪು ನನ್ ಹತ್ರ ಇರ್ಲಿ."

ನಿರ್ದೇಶಕರೇ, ನನಗೆ ಅರವತ್ತೆಂಟು ವರ್ಷ, ಮರೆವು ಸಹಜ. ಮರೆತೆ.

ಆದ್ದರಿಂದ ಆಕೆಗೆ ನಾಲ್ಕನೆಯ ಪತ್ರ ಬರೆಯಬೇಡಿ, ಬೀಗದ ಕೈ ಅಲ್ಲಿಲ್ಲ. ಆದೇಶವನ್ನು ಹಿಂದಕ್ಕೆ ಪಡೆಯಿರಿ. ಬೀಗದ ಕೈ ಕಾಫಿ ಯಂತ್ರದ ಹಿಂದಿನ ಮೊಳೆಯಲ್ಲೇ ಇರತಕ್ಕದ್ದು ಎಂದು ರುಜು ಹಾಕಿ ಬರೆದುಕೊಡಿ. ಯಂತ್ರಕ್ಕೆಂದು ಕರೆಸಿದ ಕೆಲಸದವರಿಂದ ಹತ್ತೊಂಬತ್ತನೇ ಮೆಟ್ಟಿಲು ಸರಿ ಮಾಡಿಸಿ. ಆ ಕಾಗದ ಕೈಗೆ ಸಿಕ್ಕ ದಿನವೇ ನಾನು ಸೈಕಲ್ ಹತ್ತುತ್ತೇನೆ. ದಾರಿಯಲ್ಲಿ ಚಕ್ರ ಪಂಕ್ಚರ್ ಆದರೆ ತಡವಾಗಬಹುದು. ಚಿಂತೆಯಿಲ್ಲ, ಮದಾಮ್ ಒಡಿಲ್ ಊಟ ಎತ್ತಿಟ್ಟಿರುತ್ತಾರೆ.

ಇಂತಿ,
ಪಂಪು ಒತ್ತೆಯಿಟ್ಟು ಕೂತಿರುವ,
ಆನ್ಸೆಲ್ಮ್ ತುಶಾರ್
ನಿವೃತ್ತ ಅಂಚೆಯವನು, ಮರೆಗುಳಿ