ಬಾವಿಯೊಳಗಿನವನ ಮುಖ

ಮಾರ್ಚ್ ೧೪, ಗುರುವಾರ

ಬಾವಿಯೊಳಗಿನವನ ಕಥೆಯನ್ನು ಮೊದಲು ಹೇಳಿದವಳು ನನ್ನಜ್ಜಿ, ನನಗೆ ಏಳು ವರ್ಷವಿದ್ದಾಗ. ಅವನ ಕೈ, ಉಸಿರು, ಒದ್ದೆ ಹೆಜ್ಜೆ ಎಲ್ಲವನ್ನೂ ಬಣ್ಣಿಸಿದಳು. ಮುಖದ ಮಾತು ಬಂದಾಗ ಮಾತ್ರ ಸುಮ್ಮನಾಗಿ ದೀಪ ತಗ್ಗಿಸಿದಳು. ಅದಕ್ಕೇ ನನ್ನ ಕಾಮಿಕ್ಸ್ ಪುಸ್ತಕದಲ್ಲೂ ಆ ಒಂದು ಚೌಕವನ್ನು ಪೂರ್ತಿ ಕಪ್ಪಾಗಿ ಬಿಟ್ಟಿದ್ದೆ.

ಇವತ್ತು, ಆ ಪುಸ್ತಕವನ್ನು ಸಿನಿಮಾ ಮಾಡುತ್ತಿರುವ ನಿರ್ದೇಶಕ ಸ್ಟುಡಿಯೋಗೆ ಕರೆಸಿದ್ದ. "ಪುಸ್ತಕದ ಒಂದು ಗೆರೆನೂ ಬದಲಾಯಿಸಿಲ್ಲ ಸಾರ್. ಆದ್ರೆ ಆ ಕಪ್ಪು ಚೌಕ ಹಾಗೇ ತೋರಿಸಿದ್ರೆ, ಜನ ಕರೆಂಟ್ ಹೋಯ್ತು ಅಂತ ಸೀಟಿ ಹೊಡೀತಾರೆ" ಎಂದು, ಕಂಪ್ಯೂಟರಿನಲ್ಲಿ ಮಾಡಿಸಿದ ಮುಖ ತೋರಿಸಿದ. ನನಗೂ ನಗು ಬಂತು. ನಗುವಿನ ಭರದಲ್ಲಿ "ಚೆನ್ನಾಗಿದೆ ಕಣಪ್ಪ" ಅಂದುಬಿಟ್ಟೆ. ನಾಳೆ ಹತ್ತಕ್ಕೆ ಒಪ್ಪಿಗೆಯ ಸಹಿ ಹಾಕಬೇಕು.

ಮನೆಗೆ ಬಂದಾಗಿನಿಂದ ಕಣ್ಣು ಮುಚ್ಚಿದರೆ ಅದೇ ಕಂಪ್ಯೂಟರಿನ ಮುಖ. ಅರವತ್ತು ವರ್ಷ ನನ್ನೊಳಗಿದ್ದ ಮುಖ ಎಷ್ಟು ಕರೆದರೂ ಬರುತ್ತಿಲ್ಲ. ಹೆದರಿ, ಎದ್ದು ದೀಪ ಹಾಕಿಕೊಂಡು ಕೂತೆ.

"ದೆವ್ವದ ಕಥೆ ಬರೆದೋರೇ ದೆವ್ವಕ್ಕೆ ಹೆದರ್ತಾರಾ? ಮಲ್ಕೊಳ್ರೀ" ಅಂದಳು ಹೆಂಡತಿ.

"ಅದು ಬಂತು ಅಂತಲ್ಲ ಕಣೇ, ಹೊರಟೋಯ್ತು ಅಂತ ಹೆದರಿಕೆ."

ಒಂದು ಸಲ ನೋಡಿದ್ದಕ್ಕೇ ನನಗೆ ಹೀಗಾದರೆ, ಸಿನಿಮಾ ನೋಡುವ ಮಕ್ಕಳ ಗತಿಯೇನು? ನಾಳೆ ಬೇಡ ಎನ್ನಲು ನನಗೆ ನಾಲಿಗೆ ಏಳುತ್ತದೋ ಇಲ್ಲವೋ.

ಅಜ್ಜಿ ಕಥೆ ಹೇಳಿದ ಮಾರನೆಯ ಬೆಳಿಗ್ಗೆ ನಾವು ಆರು ಮಕ್ಕಳು ಇದ್ದಿಲು ಹಿಡಿದು ಹಿತ್ತಿಲ ಗೋಡೆಯ ಮೇಲೆ ಅವನ ಮುಖ ಬರೆದೆವು. ಆರೂ ಬೇರೆ ಬೇರೆ; ನನ್ನದೇ ಸರಿ ಎಂದು ಒಬ್ಬೊಬ್ಬರದೂ ಜಗಳ. ತಂಗಿ ಬರೆದದ್ದಕ್ಕೆ ಮೂರು ಕಣ್ಣಿದ್ದವು. ಅಣ್ಣನದಕ್ಕೆ ಬಾಯೇ ಇರಲಿಲ್ಲ. ನನ್ನದಕ್ಕೆ…