ಉಳಿದ ಎಣ್ಣೆ

ಜೂನ್ 14, ಶನಿವಾರ

ವಾಕಿಂಗ್ ಆಯಿತು. ಲೇಕ್ ಸುತ್ತ ನನ್ನದು ಒಂದು ಸುತ್ತು, ನಂಜುಂಡಪ್ಪನದು ಮೂರು. ನನಗಿಂತ ದೊಡ್ಡವನು, ಎಪ್ಪತ್ತೆರಡು. ರೈಲ್ವೆಯಲ್ಲಿದ್ದು ರಿಟೈರ್ ಆದವನು. ಹೆಂಡತಿ ತೀರಿಕೊಂಡು ವರ್ಷಗಳಾದವು, ಒಬ್ಬನೇ ಇರುತ್ತಾನೆ. ಆದರೂ ಇಸ್ತ್ರಿ ಮಾಡಿದ ಟೀ ಶರ್ಟು! ಎಳನೀರಿನ ಬಂಗಾಳಿ ಅವನನ್ನು ‘ದಾದಾ’ ಅಂದ. ನನ್ನನ್ನು ‘ದಾದು’. ಅವನು ಅಣ್ಣ, ನಾನು ತಾತ. ಎಳನೀರು ಕುಡಿಯದೆ ಬಂದೆ.

ಲೀಲಾ ಎಂದಿನಂತೆ ಬೆಚ್ಚಗಿನ ಎಣ್ಣೆ ತಂದು ನನ್ನ ಎಡಭುಜ ತಿಕ್ಕಿದಳು. ಫ್ರೋಜನ್ ಶೋಲ್ಡರ್ ಆದಾಗಿನಿಂದ ಸ್ನಾನಕ್ಕೆ ಮುಂಚೆ ದಿನಾ ಇದೇ. ಅಂಗೈಯಲ್ಲಿ ಉಳಿದ ಎಣ್ಣೆಯನ್ನು ತೊಳೆಯುವವಳಲ್ಲ. “ದಂಡ ಯಾಕೆ” ಎಂದು ತನ್ನ ಮೊಣಕೈಗೆ, ಕತ್ತಿಗೆ ಸವರಿಕೊಳ್ಳುತ್ತಾಳೆ.

ತಿಕ್ಕುತ್ತಾ ಹೇಳಿದ್ದೂ ಅವನ ಸುದ್ದಿಯೇ. “ಕನ್ನಡ ಸಂಘದ ರಾಜ್ಯೋತ್ಸವದ ಪ್ರೋಗ್ರಾಮಲ್ಲಿ ನನ್ನ ಹಾಡಿಗೆ ನಂಜುಂಡಪ್ಪನೋರೇ ಹಾರ್ಮೋನಿಯಂ ಅಂತೆ ರೀ. ಅವರು ನುಡಿಸಿದ್ರೆ ನನ್ನ ಗಂಟಲಿಗೆ ವಯಸ್ಸೇ ಆಗಲ್ಲ.”

ನೋಯುತ್ತಿದೆ, ಸಾಕು ಬಿಡು ಅಂದೆ. ನೋಯುತ್ತಿರಲಿಲ್ಲ.

ಜೂನ್ 22, ಭಾನುವಾರ

ಜಾದವ್‌ಪುರದ ನಮ್ಮ ಮನೆಯ ಹಾಲ್‌ನಲ್ಲೇ ಪ್ರಾಕ್ಟೀಸು. ನವೆಂಬರ್ ಕೊನೆಯ ಕಾರ್ಯಕ್ರಮಕ್ಕೆ ಜೂನ್‌ನಲ್ಲೇ ಏನು ಅವಸರ? ಲೀಲಾ ಮೇಲಿನ ಷಡ್ಜಕ್ಕೆ ಹೋದಳು. ಅವನು ಕಣ್ಣು ಮುಚ್ಚಿ “ಆಹಾ!” ಅಂದ. ನನ್ನನ್ನು ಶಿಂಗಾರಾ ತರಲು ಕಳಿಸಿದರು. ತಂದುಕೊಟ್ಟೆ. ಸಮೋಸಾಕ್ಕಿಂತ ಸಣ್ಣದು ಅಂತ ಅವನು ಒಂದರ ಮೇಲೊಂದು ತಿಂದ. ಹೊಟ್ಟೆ ಮಾತ್ರ ಇಲ್ಲ ಪುಣ್ಯಾತ್ಮನಿಗೆ. ಇರುವುದು ನನಗೆ. ಉರಿಯುವುದೂ ನನ್ನದೇ.

ಜುಲೈ 5, ಶನಿವಾರ

ನಂಜುಂಡಪ್ಪನನ್ನು ಕೇಳಿಯೇ ಬಿಟ್ಟೆ. “ಏನ್ ಸ್ವಾಮಿ ನಿಮ್ಮ ಗುಟ್ಟು?”

“ಗುಟ್ಟೇನು ಬಂತು ಹಿರಿಯಣ್ಣನೋರೇ. ತುಂಬಾ ಸುಸ್ತಾಗ್ತಿತ್ತು. ಬ್ಲಡ್ ಟೆಸ್ಟ್ ಮಾಡಿಸಿದ್ರೆ ಟೆಸ್ಟೋಸ್ಟಿರಾನ್ ಪಾತಾಳಕ್ಕೆ ಇಳಿದಿತ್ತು. ಡಾಕ್ಟ್ರು ಜೆಲ್ ಬರ್ಕೊಟ್ರು. ಬೆಳಿಗ್ಗೆ ಎದ್ದು ಭುಜಕ್ಕೆ ಹಚ್ಕೋತೀನಿ. ನೀವು ಹಾಗೇ ಹಚ್ಕೊಂಡ್ಬಿಡಬೇಡಿ ಮತ್ತೆ, ಟೆಸ್ಟ್ ಆಗ್ಬೇಕು.”

ಓಹೋ! ಗಂಡಸಿನ ಹಾರ್ಮೋನು ಟ್ಯೂಬಿನಿಂದ! ಇಂಜಿನ್ನಿಗೆ ಕಳ್ಳ ಡೀಸೆಲ್. ಇಷ್ಟು ದಿನ ನಾನು ಇವನ ಯೋಗಾಸನದ ಫಲ ಎಂದುಕೊಂಡಿದ್ದೆ.

ಜುಲೈ 8, ಮಂಗಳವಾರ

ಗರಿಯಾಹಾಟ್ ದಾಟಿ, ಪರಿಚಯವಿಲ್ಲದ ಔಷಧಿ ಅಂಗಡಿ. “ಪ್ರಿಸ್ಕ್ರಿಪ್ಶನ್, ದಾದು?” ಮನೆಯಲ್ಲಿ ಮರೆತೆ ಅಂದೆ. ಕೊಟ್ಟ. ಟೆಸ್ಟಂತೆ ಟೆಸ್ಟು... ಅವನಿಗೆ ಹಿಡಿಸಿದ್ದು ನನಗೆ ಹಿಡಿಸದೇ? ಶೇವಿಂಗ್ ಚೀಲದಲ್ಲಿ ಬಚ್ಚಿಟ್ಟಿದ್ದೇನೆ. ನಾಳೆಯಿಂದ ವಾಕಿಂಗಿಗೆ ಮುಂಚೆ ಎರಡೂ ಭುಜಕ್ಕೆ. ಲೀಲಾಗೆ ಗೊತ್ತಾಗಬಾರದು. ಯಾರನ್ನು ನೋಡಿ ಅಂತ ತಕ್ಷಣ ತಿಳಿದುಬಿಡುತ್ತದೆ ಅವಳಿಗೆ.

ಆಗಸ್ಟ್ 17, ಭಾನುವಾರ

ಕಾಲು ಹಗುರ. ಎರಡು ಸುತ್ತು! ಎಳನೀರಿನವನಿಗೆ ಮಾತ್ರ ಇನ್ನೂ ದಾದು. ಅವನ ಕಣ್ಣು ಸರಿಯಿಲ್ಲ.

ಎಣ್ಣೆ ತಿಕ್ಕುವಾಗ ಲೀಲಾ, “ಏನ್ರೀ, ಮುಖಕ್ಕೆ ಕಳೆ ಬಂದಿದೆ” ಅಂದಳು. ನಾಲ್ಕು ದಿನಕ್ಕಾಗುವಷ್ಟು ಖುಷಿ. ಅವಳ ಗಲ್ಲದ ಮೇಲೆ ಮೊಡವೆ. “ಅರವತ್ತಮೂರಕ್ಕೆ ಮೊಡವೆ ನೋಡಿ ನಂಗೆ!” ಎಂದು ಕನ್ನಡಿ ಮುಂದೆ ನಕ್ಕಳು. ನಾನೂ ನಕ್ಕೆ. ಆಮೇಲೆ ಯೋಚನೆ ಬಂತು... ಈ ಪ್ರಾಯ ಯಾರಿಗೋಸ್ಕರ?

ಅಕ್ಟೋಬರ್ 1, ನವಮಿ

ನಮ್ಮ ಕೇರಿಯ ದುರ್ಗಾಪೂಜೆ ಪೆಂಡಾಲಿನಲ್ಲಿ ಢಾಕ್ ಡೋಲು ಬಾರಿಸುತ್ತಿದ್ದರು. ನಂಜುಂಡಪ್ಪ ಕೈಗೊಂದು ಧೂಪ ಹೊಗೆಯಾಡುವ ಮಣ್ಣಿನ ಧುನುಚಿ ಹಿಡಿದು ಬಂಗಾಳಿಗಳ ಜೊತೆ ಕುಣಿದ. ಲೀಲಾ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ನಾನೂ ಒಂದು ಹಿಡಿದೆ. ಎಡಗೈ ಎದೆಯಿಂದ ಮೇಲೆ ಏಳಲಿಲ್ಲ. ಕೆಂಡ ಉದುರಿ ಪಂಚೆ ತೂತಾಯಿತು. ಅವಳು ನೋಡಲೇ ಇಲ್ಲ. ಅವನನ್ನು ನೋಡುತ್ತಿದ್ದಳು.

ನಾಳೆಯಿಂದ ಡಬಲ್ ಹಚ್ಚುತ್ತೇನೆ.

ನವೆಂಬರ್ 2, ಭಾನುವಾರ

ಇಂದೂ ಮೇಲಿನ ಷಡ್ಜದಲ್ಲಿ ಅವಳ ದನಿ ಒಡೆಯಿತು. ದಸರೆಯ ನಂತರ ಹೀಗೇ. ಮೀಸೆ ಚಿಗುರುವ ಹುಡುಗರ ಗಂಟಲಿನ ಹಾಗೆ. ಬಾಚಣಿಗೆ ತುಂಬ ಕೂದಲು. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಗಲ್ಲದ ರೋಮ ಕೀಳುತ್ತಾಳೆ, ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾಳೆ.

“ಶ್ರುತಿ ಇಳಿಸೋಣ ಬಿಡಿ ಲೀಲಮ್ಮ” ಅಂದ ಅವನು.

“ಎಷ್ಟೂಂತ ಇಳಿಸ್ತೀರಿ? ಬೇಡ. ನಾನು ಹಾಡಲ್ಲ.”

ಅವನು ಹಾರ್ಮೋನಿಯಂ ಮುಚ್ಚಿ ಹೋದ. ನನಗೆ ಸಂತೋಷವಾಯಿತು. ಹೌದು, ಆಯಿತು. ಇನ್ನು ಭಾನುವಾರಗಳು ನನ್ನವು. ಒಳಗೆ ಹೋಗಿ ನೋಡಿದರೆ ಅವಳು ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು.

ನವೆಂಬರ್ 13, ಗುರುವಾರ

ದನಿಗೆಂದು ತೋರಿಸಿದಾಗ ಡಾಕ್ಟರಮ್ಮ ಬರೆದುಕೊಟ್ಟ ಬ್ಲಡ್ ಟೆಸ್ಟಿನ ರಿಪೋರ್ಟ್ ಬಂತು. ಲೀಲಾಳ ರಕ್ತದಲ್ಲಿ ಗಂಡಸರ ಹಾರ್ಮೋನು ಇರಬೇಕಾದುದಕ್ಕಿಂತ ಬಹಳ ಜಾಸ್ತಿ. ಡಾಕ್ಟರಮ್ಮ ಕೇಳಿದರು: ಮನೆಯಲ್ಲಿ ಯಾರಾದರೂ ಹಾರ್ಮೋನ್ ಜೆಲ್ ಹಚ್ಚಿಕೊಳ್ಳುತ್ತಾರಾ? ಹಚ್ಚಿದ ಜಾಗ ಮುಟ್ಟಿದರೆ ಹೆಂಗಸರಿಗೆ ಅಂಟುತ್ತದೆ.

ಲೀಲಾ ನಕ್ಕೇಬಿಟ್ಟಳು. “ನಮ್ಮನೇಲಾ? ಇವ್ರು ಪೌಡರ್ ಹಚ್ಕೊಳ್ಳೋಕೂ ಸೋಮಾರಿ” ಎಂದು ನನಗೆ ಕನ್ನಡದಲ್ಲಿ ಹೇಳಿ, ಹಿಂದಿಯಲ್ಲಿ ಅವರಿಗೆ ಹೇಳಿದಳು.

ಇಬ್ಬರೂ ನನ್ನನ್ನು ನೋಡಿದರು. ಇಲ್ಲ ಅಂದೆ. ಹೂಂ ಅಂದಿದ್ದರೆ ಯಾಕೆ ಎಂಬ ಪ್ರಶ್ನೆ ಬರುತ್ತಿತ್ತು. ಅವನ ಹೆಸರು ಬರುತ್ತಿತ್ತು.

ಹಾಗಾದರೆ ಒಳಗೆ ಗೆಡ್ಡೆ ಇರಬಹುದು, ಸೋಮವಾರ ಸ್ಕ್ಯಾನ್ ಮಾಡೋಣ ಎಂದರು. ದನಿ ಮೊದಲಿನಂತಾಗುತ್ತದೆ ಎಂದು ಭರವಸೆ ಕೊಡಲಾರೆ ಎಂದೂ ಅಂದರು.

ಟ್ಯಾಕ್ಸಿಯಲ್ಲಿ ನನ್ನ ಕೈ ಹಿಡಿದುಕೊಂಡಿದ್ದಳು. “ಕ್ಯಾನ್ಸರ್ ಅಂದ್ರೆ ನಂಗೆ ಹೇಳ್ಬಿಡಿ ರೀ. ಮುಚ್ಚಿಡಬೇಡಿ.”

ನವೆಂಬರ್ 14, ಶುಕ್ರವಾರ

ಟ್ಯೂಬು ಕಸಕ್ಕೆ. ಭುಜ ಸೋಪು ಹಾಕಿ ಉಜ್ಜಿದೆ, ಚರ್ಮ ಕೆಂಪಾಗುವವರೆಗೆ. ಭುಜ ವಾಸಿಯಾಗಿದೆ, ಎಣ್ಣೆ ಬೇಡ ಎಂದೆ.

ನಂಜುಂಡಪ್ಪ ಫೋನ್ ಮಾಡಿದ, ಲೀಲಮ್ಮ ಹೇಗಿದ್ದಾರೆ ಅಂತ. ಮಾತಿನ ನಡುವೆ ಕೇಳಿದೆ: ನಿಮ್ಮ ಆ ಜೆಲ್ ಹಚ್ಚಿದ ಭುಜವನ್ನು ಯಾರಾದರೂ ಮುಟ್ಟಿದರೆ?

“ಮುಟ್ಟಿಸ್ಬೇಡಿ ಅಂದಿದ್ರು ಡಾಕ್ಟ್ರು. ನಂಗೇನು ತೊಂದ್ರೆ ಬಿಡಿ, ನನ್ನ ಭುಜ ಮುಟ್ಟೋರು ಯಾರಿದಾರೆ ಹಿರಿಯಣ್ಣನೋರೇ?” ನಕ್ಕ.

ಇಂಥವನ ಮೇಲೆ ಹೊಟ್ಟೆಕಿಚ್ಚು ಪಟ್ಟೆ ನಾನು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತಂತೆ. ಆ ನರಿಯಾದರೂ ತನ್ನ ಮೈಗೆ ಹಾಕಿಕೊಂಡಿತು.

ನವೆಂಬರ್ 16, ಭಾನುವಾರ, ಬೆಳಿಗ್ಗೆ

ನಾಳೆ ಸ್ಕ್ಯಾನು. ಕಾಳಿಘಾಟಿಗೆ ಹೋಗಿ ಹರಕೆ ಹೊತ್ತು ಬಂದಳು. ದಾಸವಾಳದ ಎಸಳೊಂದನ್ನು ನನ್ನ ಕಿವಿಗೆ ಸಿಕ್ಕಿಸಿದಳು. ಏನು ಬೇಡಿಕೊಂಡೆ ಎಂದರೆ, “ನಿಮಗೆ ಎಣ್ಣೆ ತಿಕ್ಕೋಕೆ ಯಾರೂ ಇಲ್ದಂಗೆ ಮಾಡ್ಬೇಡಮ್ಮಾ ಅಂದೆ.”

ನಿನ್ನೆ ಹೇಳಬೇಕಿತ್ತು. ಮೊನ್ನೆ ಹೇಳಬೇಕಿತ್ತು.

ಅಡುಗೆಮನೆಯಿಂದ ಯಾರೋ ಗಂಡಸಿನ ದನಿ ಕೇಳಿ ಬೆಚ್ಚಿದೆ. ಅವಳೇ. “ರೀ, ಅಂಗಿ ತೆಗೀರಿ. ಬೇಡ ಅನ್ಬೇಡಿ ಇವತ್ತು. ನಾಳೆ ಏನೋ ಎಂತೋ.”

ಬಂದಳು. ಕೈಯಲ್ಲಿ ಎಣ್ಣೆ ಬಟ್ಟಲು. ಏನು ಬರೀತಿದೀರಿ ಎನ್ನುತ್ತಿದ್ದಾಳೆ. ಇಷ್ಟೇ ಹೇಳಬೇಕು, ಮುಖ ನೋಡಿ ಹೇಳಬೇಕು: ಲೀಲಾ, ಒಳಗೆ ಗೆಡ್ಡೆಯಿಲ್ಲ, ಏನೂ ಇಲ್ಲ. ಅದು ನಾ—